ಎಳೆಯ ನಾಳಗಳ ಉಬ್ಬು: ಮಕ್ಕಳ ಮಿದುಳಿನ ಅನ್ಯೂರಿಸಂ ಅರಿತ ಬಗೆ

ಮಿದುಳಿನ ರಕ್ತನಾಳ ಒಡೆಯಿತು ಎಂದೊಡನೆ ನಮಗೆ ನೆನಪಾಗುವುದು ಐವತ್ತು ದಾಟಿದವರು. ವರ್ಷಗಳಿಂದ ಹತೋಟಿಗೆ ಬಾರದ ಬಿಪಿ, ಬಿಡಲಾಗದ ಬೀಡಿ, ಒಂದು ಬೆಳಿಗ್ಗೆ ತಲೆ ಸಿಡಿದಂತೆ ಬಂದ ನೋವು. ಅದೇ ಕಾಯಿಲೆ ಮೂರು ತಿಂಗಳ ಕೂಸಿಗೂ ಬರಬಹುದು ಎಂದರೆ ಮನೆಯವರು ನಂಬುವುದು ಕಷ್ಟ. ಎಷ್ಟೋ ಸಲ ವೈದ್ಯರಿಗೂ ಅದು ಮೊದಲಿಗೆ ಹೊಳೆಯುವುದಿಲ್ಲ. ಸವೆದ ಸೈಕಲ್ ಟ್ಯೂಬಿನಲ್ಲಿ ಗುಳ್ಳೆ ಏಳುವಂತೆ, ಅಪಧಮನಿಯ ಗೋಡೆ ಒಂದೆಡೆ ಸೋತು ಹೊರಕ್ಕೆ ಉಬ್ಬುವುದೇ ಅನ್ಯೂರಿಸಂ. ದೊಡ್ಡವರಲ್ಲಿ ನೂರಕ್ಕೆ ಸುಮಾರು ಮೂವರ ಮಿದುಳಿನಲ್ಲಿ ಇಂಥ ಉಬ್ಬು ಇರುತ್ತದೆ. ಬಹುಪಾಲು ಜನರಲ್ಲಿ ಅದು ಕೊನೆಯವರೆಗೂ ಒಡೆಯುವುದಿಲ್ಲ. ಪತ್ತೆಯಾಗುವ ಒಟ್ಟು ಅನ್ಯೂರಿಸಂಗಳಲ್ಲಿ ಮಕ್ಕಳ ಪಾಲು ನೂರಕ್ಕೆ ಐದನ್ನೂ ಮುಟ್ಟುವುದಿಲ್ಲ.

ಅಪರೂಪ ಎಂಬ ಒಂದೇ ಕಾರಣಕ್ಕೆ ಈ ಮಕ್ಕಳು ಬಹುಕಾಲ ದೊಡ್ಡವರ ಪಠ್ಯಪುಸ್ತಕದ ಅಡಿಟಿಪ್ಪಣಿಯಾಗಿಯೇ ಉಳಿದರು. ಅವರಿಗೆ ಸಿಕ್ಕ ಚಿಕಿತ್ಸೆಯೆಲ್ಲ ದೊಡ್ಡವರಿಗಾಗಿ ರೂಪುಗೊಂಡದ್ದು, ಅಳತೆ ಕಿರಿದು ಮಾಡಿ ಕೊಟ್ಟದ್ದು. ಈ ಕ್ಷೇತ್ರದ ಒಂದೂವರೆ ಶತಮಾನದ ನಡೆಯನ್ನು ಹಿಂತಿರುಗಿ ನೋಡಿದರೆ ನನಗೆ ಒಂದು ಮಾತು ಸ್ಪಷ್ಟವಾಗಿ ಕಾಣುತ್ತದೆ: ಉಪಕರಣ ಹೊಸದಾದಾಗ ಆದ ಪ್ರಗತಿಗಿಂತ, ಮಕ್ಕಳದು ಬೇರೆಯದೇ ಕಾಯಿಲೆ ಎಂದು ಒಪ್ಪಿದಾಗ ಆದ ಪ್ರಗತಿ ದೊಡ್ಡದು.

ಮೊದಲ ಸುಳಿವುಗಳು ಶವಪರೀಕ್ಷೆಯ ಮೇಜಿನಿಂದ ಬಂದವು. 1869ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಸೆಲ್ಬಿ ಚರ್ಚ್ ಹದಿಮೂರು ವರ್ಷದ ಹುಡುಗನೊಬ್ಬನ ಮಿದುಳಿನ ಬಲಭಾಗದ ಅಪಧಮನಿಯಲ್ಲಿ ಕಂಡ ಉಬ್ಬನ್ನು ವರದಿ ಮಾಡಿದರು. ಹೃದಯದ ಒಳಪೊರೆಗೆ ತಗಲುವ ನಂಜಿಗೂ ಮಿದುಳಿನ ಅನ್ಯೂರಿಸಂಗೂ ನಂಟಿದೆ ಎಂಬ ತಿಳಿವಳಿಕೆಯ ಬೇರು ಅಲ್ಲಿದೆ. ಎರಡು ವರ್ಷದ ನಂತರ ಹಾನ್ಸ್ ಎಪಿಂಗರ್ ಎಂಬ ರೋಗಶಾಸ್ತ್ರಜ್ಞ, ಮಹಾಪಧಮನಿ ಹುಟ್ಟಿನಿಂದಲೇ ಒಂದೆಡೆ ಕಿರಿದಾಗಿದ್ದ ಹದಿಹರೆಯದ ಹುಡುಗನೊಬ್ಬ ಮಿದುಳಿನ ಅನ್ಯೂರಿಸಂ ಒಡೆದು ಸತ್ತ ಸಂಗತಿಯನ್ನು ದಾಖಲಿಸಿದ. ಎರಡರಲ್ಲೂ ಉಬ್ಬು ಇದ್ದದ್ದು ತಲೆಯಲ್ಲಿ, ಅದರ ಮೂಲ ಇದ್ದದ್ದು ಎದೆಯಲ್ಲಿ. ಮಕ್ಕಳಲ್ಲಿ ಅನ್ಯೂರಿಸಂ ಕಂಡರೆ ಬೇರೆ ಕಡೆಯೂ ಹುಡುಕಬೇಕು ಎಂಬ ಇಂದಿನ ನಿಯಮ ಆ ಎರಡು ವರದಿಗಳಲ್ಲೇ ಇತ್ತು. ಅದನ್ನು ನಿಯಮವೆಂದು ಓದಿಕೊಳ್ಳಲು ಮಾತ್ರ ಬಹಳ ಕಾಲ ಬೇಕಾಯಿತು.

ನಡುವೆ ಇನ್ನೊಂದು ವಾದ ಬಲವಾಗಿ ಬೇರೂರಿತ್ತು. ಅನ್ಯೂರಿಸಂ ಹುಟ್ಟಿನಿಂದಲೇ ಬಂದ ಕೊರತೆ ಎಂಬ ವಾದ ಅದು. 1930ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ವೈಲಿ ಫೋರ್ಬಸ್ ಮಿದುಳಿನ ಅಪಧಮನಿಗಳು ಕವಲೊಡೆಯುವ ಜಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿ ಗೋಡೆಯ ನಡುವಿನ ಸ್ನಾಯುಪದರ ಕಡಿದಿರುವುದನ್ನು ತೋರಿಸಿದರು. ಭ್ರೂಣದಲ್ಲಿ ಕವಲುಗಳ ಸ್ನಾಯು ಸರಿಯಾಗಿ ಬೆಸೆಯದೆ ಉಳಿದ ಸಂದು ಅದು, ಮುಂದೆ ರಕ್ತದ ಒತ್ತಡಕ್ಕೆ ಅದೇ ಜಾಗ ಉಬ್ಬುತ್ತದೆ ಎಂಬುದು ಅವರ ವಿವರಣೆ. ಕೇಳಲು ಚೊಕ್ಕವಾಗಿತ್ತು, ಅದಕ್ಕೇ ಬಹಳ ಜನ ಒಪ್ಪಿದರು. ಆದರೆ ಮಕ್ಕಳು ಈ ವಾದದ ಪರ ಸಾಕ್ಷಿ ಹೇಳಲಿಲ್ಲ. ದೋಷ ಹುಟ್ಟಿನಿಂದ ಬಂದದ್ದಾದರೆ ಶಿಶುಗಳ ಮಿದುಳಿನಲ್ಲೂ ಉಬ್ಬುಗಳು ಸಾಕಷ್ಟು ಸಿಗಬೇಕಿತ್ತಲ್ಲವೇ? ಸಿಗುತ್ತಿರಲಿಲ್ಲ. 1940ರಲ್ಲಿ ಗ್ಲಿನ್ ಎಂಬ ಸಂಶೋಧಕ ಅನ್ಯೂರಿಸಂ ಇಲ್ಲದವರ ನಾಳಗಳಲ್ಲೂ ಅಂಥ ಸಂದುಗಳು ಇದ್ದೇ ಇರುತ್ತವೆ ಎಂದು ತೋರಿಸಿದ ಮೇಲೆ ಆ ವಾದ ಸಡಿಲವಾಯಿತು. ನಾಳದ ಗೋಡೆಯನ್ನು ಹಿಡಿದಿಡುವುದು ಒಳಗಿನ ಸ್ಥಿತಿಸ್ಥಾಪಕ ಪದರ. ದೇಹದ ಉಳಿದ ಅಪಧಮನಿಗಳಿಗೆ ಇರುವ ಹೊರಗಿನ ಸ್ಥಿತಿಸ್ಥಾಪಕ ಪದರ ಮಿದುಳಿನವಕ್ಕೆ ಇರುವುದಿಲ್ಲ. ದಶಕಗಳ ಕಾಲ ರಕ್ತ ಬಡಿದು ಬಡಿದು ಆ ಒಳಪದರ ಸವೆದಾಗ ದೊಡ್ಡವರಲ್ಲಿ ಉಬ್ಬು ಮೂಡುತ್ತದೆ.

ದಶಕಗಳ ಸವೆತವೇ ಕಾರಣವಾದರೆ ಕೂಸಿನ ನಾಳ ಏಕೆ ಉಬ್ಬಬೇಕು? ಈ ಪ್ರಶ್ನೆಯೇ ಮಕ್ಕಳ ಅನ್ಯೂರಿಸಂ ಅಧ್ಯಯನದ ತಿರುಳು. ಆರು ತಿಂಗಳ ಮಗುವಿಗೆ ಸವೆಯುವಷ್ಟು ಕಾಲವೇ ಆಗಿರುವುದಿಲ್ಲ. ಆದ್ದರಿಂದ ಅಲ್ಲಿ ಗೋಡೆಯನ್ನು ಸೋಲಿಸಿದ್ದು ಬೇರೇನೋ ಆಗಿರಲೇಬೇಕು. ನಂಜು, ಪೆಟ್ಟು, ಗೋಡೆಯ ಒಳಪದರದಲ್ಲೇ ಆದ ಸೀಳು, ಅಂಗಾಂಶದ ಆನುವಂಶಿಕ ದೌರ್ಬಲ್ಯ, ಜೀನಿನ ತಪ್ಪು, ಇವುಗಳಲ್ಲಿ ಒಂದು.

ಬದುಕಿರುವವರ ತಲೆಯೊಳಗಿನ ನಾಳಗಳನ್ನು ನೋಡುವ ದಾರಿ ತೆರೆದದ್ದು 1927ರಲ್ಲಿ, ಲಿಸ್ಬನ್ನಿನ ಎಗಾಸ್ ಮೋನಿಸ್ ಮಿದುಳಿನ ಆಂಜಿಯೋಗ್ರಾಂ ಮಾಡಿದಾಗ. 1931ರಲ್ಲಿ ಎಡಿನ್‌ಬರೋದ ನಾರ್ಮನ್ ಡಾಟ್ ಒಡೆದ ಅನ್ಯೂರಿಸಂಗೆ ಸ್ನಾಯುವಿನ ತುಣುಕು ಸುತ್ತಿ ರಕ್ತ ನಿಲ್ಲಿಸಿದರು. 1937ರ ಮಾರ್ಚ್‌ನಲ್ಲಿ ಬಾಲ್ಟಿಮೋರ್‌ನ ವಾಲ್ಟರ್ ಡ್ಯಾಂಡಿ ಉಬ್ಬಿನ ಕತ್ತಿಗೆ ಬೆಳ್ಳಿಯ ಕ್ಲಿಪ್ ಹಾಕಿದರು. 1960ರ ದಶಕದ ಕೊನೆಯಲ್ಲಿ ಜ್ಯೂರಿಕ್‌ನ ಯಾಶರ್ಗಿಲ್ ಸೂಕ್ಷ್ಮದರ್ಶಕದ ನೆರವಿನ ಶಸ್ತ್ರಕ್ರಿಯೆಯನ್ನು ರೂಢಿಗೆ ತಂದರು. ಇವೆಲ್ಲ ದೊಡ್ಡವರ ಕಥೆಗಳು, ಬೇರೆಡೆ ಚೆನ್ನಾಗಿ ಹೇಳಲಾಗಿದೆ. ಮಕ್ಕಳ ಲೆಕ್ಕ ಪ್ರತ್ಯೇಕವಾಗಿ ಶುರುವಾದದ್ದು ಆಮೇಲೆ. 1965ರಲ್ಲಿ ಬಾಸ್ಟನ್ ಮಕ್ಕಳ ಆಸ್ಪತ್ರೆಯ ಡೊನಾಲ್ಡ್ ಮ್ಯಾಟ್ಸನ್ ತಾವು ಕಂಡ ಮಕ್ಕಳನ್ನು ಒಟ್ಟುಗೂಡಿಸಿ ಬರೆದರು. 1971ರಲ್ಲಿ ಲಂಡನ್ನಿನಿಂದ ಪಟೇಲ್ ಮತ್ತು ರಿಚರ್ಡ್‌ಸನ್ ಸುಮಾರು 3,000 ಅನ್ಯೂರಿಸಂ ರೋಗಿಗಳಲ್ಲಿ ಬದುಕಿನ ಮೊದಲ ಎರಡು ದಶಕದ 58 ಮಂದಿಯನ್ನು ಬೇರ್ಪಡಿಸಿ ನೋಡಿದರು.

ಹೀಗೆ ಬೇರ್ಪಡಿಸಿ ನೋಡಿದ್ದೇ ತಡ, ಚಿತ್ರ ತಿರುಗುಮುರುಗಾಯಿತು. ದೊಡ್ಡವರಲ್ಲಿ ಹೆಂಗಸರು ಹೆಚ್ಚು, ಮಕ್ಕಳಲ್ಲಿ ಗಂಡುಮಕ್ಕಳು ಹೆಚ್ಚು. ದೊಡ್ಡವರಲ್ಲಿ ಮುಂಭಾಗದ ಸಂಪರ್ಕ ನಾಳಗಳ ಮೇಲೆ ಕಾಣುವ ಉಬ್ಬು, ಮಕ್ಕಳಲ್ಲಿ ಕತ್ತಿನಿಂದ ಬಂದ ಮುಖ್ಯ ಅಪಧಮನಿ ಎರಡಾಗುವ ಕೊನೆಯಲ್ಲಿ ಎದ್ದು ಕಾಣುತ್ತದೆ. ಮಿದುಳಿನ ಹಿಂಭಾಗದ ನಾಳಗಳಲ್ಲೂ ಮಕ್ಕಳ ಪಾಲು ಹೆಚ್ಚು. 25 ಮಿಲಿಮೀಟರ್ ದಾಟಿದ ದೈತ್ಯ ಉಬ್ಬುಗಳು ದೊಡ್ಡವರಿಗಿಂತ ಮಕ್ಕಳಲ್ಲಿ ಹಲವು ಪಟ್ಟು ಸಾಮಾನ್ಯ. ರಕ್ತಸ್ರಾವದ ನಂತರ ನಾಳಗಳು ಬಿಗಿದುಕೊಂಡರೂ ಮಗುವಿನ ಮಿದುಳು ಅದನ್ನು ತಾಳಿಕೊಳ್ಳುವುದು ಹೆಚ್ಚು. ಸುತ್ತುಬಳಸಿ ರಕ್ತ ತರುವ ನಾಳಗಳು ಎಳೆಯ ಮಿದುಳಿನಲ್ಲಿ ಚುರುಕಾಗಿರುತ್ತವೆ ಎಂಬುದು ಅದಕ್ಕೆ ಕೊಡುವ ವಿವರಣೆ. ಒಂದೇ ಹೆಸರಿನ ಎರಡು ಕಾಯಿಲೆಗಳು ಇವು ಎಂದು ಹೇಳಲು ಇಷ್ಟು ಸಾಕು.

ಶಿಶುವಿನಲ್ಲಿ ರೋಗ ಹೇಗೆ ಮುಖ ತೋರಿಸುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 'ಜೀವನದಲ್ಲೇ ಇಂಥ ತಲೆನೋವು ಕಂಡಿಲ್ಲ' ಎಂದು ಕೂಸು ಹೇಳಲಾರದು. ಹಾಲು ಕುಡಿಯದು, ಒಂದೇ ಸಮ ಅಳುತ್ತದೆ, ವಾಂತಿ ಮಾಡಿಕೊಳ್ಳುತ್ತದೆ, ಆಮೇಲೆ ಅಳುವನ್ನೂ ನಿಲ್ಲಿಸಿ ಮಂಕಾಗುತ್ತದೆ. ಫಿಟ್ಸ್ ಬರಬಹುದು. ಕುತ್ತಿಗೆ ಬಿಗಿತ ಕಾಣದೆಯೂ ಇರಬಹುದು. ತಲೆಬುರುಡೆಯ ಮೂಳೆಗಳು ಇನ್ನೂ ಕೂಡದಿರುವುದರಿಂದ ಒಳಗಿನ ಒತ್ತಡ ಏರಿದಾಗ ನೆತ್ತಿ ಉಬ್ಬಿ ಬಿಗಿಯಾಗುತ್ತದೆ. ಎಣ್ಣೆ ಹಚ್ಚುವ ಅಜ್ಜಿಯ ಅಂಗೈಗೆ ಅದು ಮೊದಲು ತಿಳಿದರೆ ಅಚ್ಚರಿಯಿಲ್ಲ. ಮೂರು ಕಿಲೋ ತೂಕದ ಕೂಸಿನ ಮೈಯಲ್ಲಿರುವ ಒಟ್ಟು ರಕ್ತ ಕಾಲು ಲೀಟರಿನಷ್ಟು. ತಲೆಯೊಳಗೆ ಕೆಲವು ಚಮಚ ಸೋರಿದರೂ ಮೈ ಬಿಳಿಚಿಕೊಳ್ಳಬಹುದು. ಈ ಎಲ್ಲ ಲಕ್ಷಣಗಳೂ ಮಿದುಳುಜ್ವರದವೂ ಹೌದು, ಸೋಂಕಿನವೂ ಹೌದು. ತಲೆಗೆ ಬಿದ್ದ ಪೆಟ್ಟಿನ ಶಂಕೆಯೂ ಏಳುತ್ತದೆ. 1971ರಲ್ಲಿ ಸಿ.ಟಿ. ಸ್ಕ್ಯಾನ್ ಬರುವವರೆಗೆ ಇದನ್ನು ಬಿಡಿಸಿ ಹೇಳುವ ಸುಲಭ ದಾರಿ ಇರಲಿಲ್ಲ. ಆಮೇಲೆ ಬಂದ ಎಂ.ಆರ್.ಐ. ಮತ್ತು ತೆರೆದ ನೆತ್ತಿಯ ಮೂಲಕವೇ ನೋಡುವ ಅಲ್ಟ್ರಾಸೌಂಡ್ ಶಿಶುಗಳ ಪಾಲಿಗೆ ದೊಡ್ಡ ವರ, ಏಕೆಂದರೆ ಅವುಗಳಲ್ಲಿ ಎಕ್ಸ್-ರೇ ವಿಕಿರಣವಿಲ್ಲ.

ಈ ಕ್ಷೇತ್ರದ ಅತ್ಯಂತ ಮನಕಲಕುವ ಅಧ್ಯಾಯ, ಕಟ್ಟುನಿಟ್ಟಾಗಿ ಹೇಳಿದರೆ, ಅಪಧಮನಿಯ ಅನ್ಯೂರಿಸಂನದಲ್ಲ. ಮಿದುಳಿನ ನಡುವೆ ಆಳದಲ್ಲಿ ಗೇಲನ್ ಅಭಿಧಮನಿ ಎಂಬ ನಾಳವಿದೆ. ಕೆಲವು ಕೂಸುಗಳಲ್ಲಿ ಅಪಧಮನಿಗಳು ನಡುವಿನ ಸೂಕ್ಷ್ಮ ಲೋಮನಾಳಗಳ ಜಾಲವನ್ನು ಬಿಟ್ಟು ನೇರವಾಗಿ ಆ ಜಾಗದ ಅಭಿಧಮನಿಗೆ ಸುರಿಯುತ್ತವೆ, ಅದು ದೊಡ್ಡ ಚೀಲದಂತೆ ಹಿಗ್ಗುತ್ತದೆ. ಬಹುಕಾಲ ಇದನ್ನು ಗೇಲನ್ ಅಭಿಧಮನಿಯ ಅನ್ಯೂರಿಸಂ ಎಂದೇ ಕರೆದರು. 1989ರಲ್ಲಿ ಷಾರ್ಲ್ ರೇಬೋ ಮತ್ತು ಸಂಗಡಿಗರು, ಹಿಗ್ಗಿರುವುದು ಗೇಲನ್ ಅಭಿಧಮನಿಯಲ್ಲ, ಭ್ರೂಣದ ಮೊದಲ ಮೂರು ತಿಂಗಳಲ್ಲಿ ಇದ್ದು ಮಾಯವಾಗಬೇಕಿದ್ದ ಬೇರೊಂದು ಅಭಿಧಮನಿ ಎಂದು ತೋರಿಸಿದರು. ಅಂದರೆ ಇದು ಗರ್ಭದ ಎರಡನೆಯ, ಮೂರನೆಯ ತಿಂಗಳಲ್ಲೇ ಆದ ತಪ್ಪು.

ಗರ್ಭದಲ್ಲಿ ಇರುವವರೆಗೆ ಮಗು ಹೇಗೋ ತಾಳಿಕೊಳ್ಳುತ್ತದೆ. ಮಾಸು ಕಡಿಮೆ ತಡೆಯ ದೊಡ್ಡ ದಾರಿಯಾದ್ದರಿಂದ ರಕ್ತದ ಬಹುಭಾಗ ಅತ್ತ ಹರಿಯುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದ ಕ್ಷಣ ಆ ದಾರಿ ಮುಚ್ಚುತ್ತದೆ, ರಕ್ತ ಮಿದುಳಿನ ಈ ಅಡ್ಡದಾರಿಗೆ ನುಗ್ಗುತ್ತದೆ. ತೀವ್ರ ಸಂದರ್ಭಗಳಲ್ಲಿ ಹೃದಯ ಹೊರಹಾಕುವ ರಕ್ತದ ಮುಕ್ಕಾಲಿಗೂ ಮಿಕ್ಕಿದ ಪಾಲು ತಲೆಗೇ ಹೋಗಬಹುದು. ಹುಟ್ಟಿ ಗಂಟೆಗಳಲ್ಲಿ, ದಿನಗಳಲ್ಲಿ ಹೃದಯ ಸೋಲತೊಡಗುತ್ತದೆ. ಸ್ಟೆತಸ್ಕೋಪನ್ನು ನೆತ್ತಿಯ ಮೇಲಿಟ್ಟರೆ ರಕ್ತ ಹರಿಯುವ ಮೊರೆತ ಕೇಳುತ್ತದೆ. ಹೃದ್ರೋಗವೆಂದು ದಾಖಲಾದ ಕೂಸಿನ ನಿಜವಾದ ಕಾಯಿಲೆ ಹೀಗೆ ತಲೆಗೆ ಕಿವಿಗೊಟ್ಟಾಗ ಪತ್ತೆಯಾಗುವುದುಂಟು.

ಬುರುಡೆ ತೆರೆದು ಈ ನಾಳಗಳನ್ನು ಕಟ್ಟುವ ಶಸ್ತ್ರಕ್ರಿಯೆ ನವಜಾತ ಶಿಶುಗಳಲ್ಲಿ ಬಹುಮಟ್ಟಿಗೆ ಸಾವಿನಲ್ಲೇ ಮುಗಿಯುತ್ತಿತ್ತು. ಅದನ್ನು ಬದಲಿಸಿದವರಲ್ಲಿ ಮೊದಲು ನೆನೆಯಬೇಕಾದ ಹೆಸರು ಪ್ಯಾರಿಸ್‌ನ ಬಿಸೆತ್ರ್ ಆಸ್ಪತ್ರೆಯ ಪಿಯೇರ್ ಲಾಸ್ಜೋನಿಯಾ ಅವರದು. ತೊಡೆಯ ಅಪಧಮನಿಯಿಂದ ಕೂದಲೆಳೆಯಂಥ ಕ್ಯಾಥೆಟರ್ ತೂರಿಸಿ, ಅಸಹಜ ಕೂಡುದಾಣಕ್ಕೆ ಅಂಟು ಬಿಟ್ಟು ಮುಚ್ಚುವುದು ಅವರ ವಿಧಾನ. ಕೈಚಳಕಕ್ಕಿಂತ ನನಗೆ ಹಿರಿದಾಗಿ ಕಾಣುವುದು ಅವರ ತಾಳ್ಮೆ. ಒಂದೇ ಸಲಕ್ಕೆ ಎಲ್ಲವನ್ನೂ ಮುಚ್ಚಬೇಕಿಲ್ಲ, ಹೃದಯ ಸುಧಾರಿಸುವಷ್ಟು ಮುಚ್ಚಿದರೆ ಸಾಕು, ಉಳಿದದ್ದನ್ನು ಮಗು ಬೆಳೆದ ಮೇಲೆ ಹಂತಹಂತವಾಗಿ ನೋಡೋಣ ಎಂದರು. ಹೃದಯ, ಮಿದುಳು, ಉಸಿರಾಟ, ಯಕೃತ್ತು, ಮೂತ್ರಪಿಂಡಗಳ ಸ್ಥಿತಿಗೆ ಅಂಕ ಕೊಟ್ಟು 21ರ ಅಳತೆಗೋಲನ್ನು ಮಾಡಿದರು. 12ಕ್ಕಿಂತ ಹೆಚ್ಚು ಅಂಕವಿದ್ದರೆ ಔಷಧ ಕೊಡುತ್ತ ಸುಮಾರು ಐದು ತಿಂಗಳವರೆಗೆ ಕಾಯುವುದು. 8ರಿಂದ 12 ಇದ್ದರೆ ತುರ್ತಾಗಿ ಚಿಕಿತ್ಸೆ. 8ಕ್ಕಿಂತ ಕಡಿಮೆಯಿದ್ದರೆ, ಮಿದುಳಿಗೆ ಆಗಬಾರದ ಹಾನಿ ಆಗಿಹೋಗಿರುವುದರಿಂದ, ಕೈಹಾಕದಿರುವುದು. ಕೊನೆಯ ಸಾಲನ್ನು ಬರೆಯಲು ವೈದ್ಯನಿಗೆ ಎಷ್ಟು ಗಟ್ಟಿ ಮನಸ್ಸು ಬೇಕಾಗಿತ್ತೋ! 2006ರಲ್ಲಿ ಅವರ ತಂಡ ಪ್ರಕಟಿಸಿದ ಫಲಿತಾಂಶ ಹೀಗಿತ್ತು: ಕ್ಯಾಥೆಟರ್ ಚಿಕಿತ್ಸೆ ಪಡೆದ 216 ಮಕ್ಕಳಲ್ಲಿ ಸತ್ತವರು ನೂರಕ್ಕೆ ಹನ್ನೊಂದಕ್ಕೂ ಕಡಿಮೆ, ಬದುಕುಳಿದವರಲ್ಲಿ ಸುಮಾರು ಮುಕ್ಕಾಲು ಪಾಲು ಮಕ್ಕಳು ನರದ ತೊಂದರೆಯಿಲ್ಲದೆ ಬೆಳೆಯುತ್ತಿದ್ದರು. ಲಾಸ್ಜೋನಿಯಾ 2008ರಲ್ಲಿ ತೀರಿಕೊಂಡರು.

ಹೊಕ್ಕುಳಬಳ್ಳಿ ಕತ್ತರಿಸುವ ಕ್ಷಣವೇ ಅಪಾಯದ್ದಾದರೆ ಅದಕ್ಕೂ ಮೊದಲೇ ಮುಚ್ಚಬಾರದೇಕೆ? 2023ರ ಮಾರ್ಚ್‌ನಲ್ಲಿ ಬಾಸ್ಟನ್ನಿನ ವೈದ್ಯರು ಡ್ಯಾರೆನ್ ಓರ್ಬಾಕ್ ಅವರ ನೇತೃತ್ವದಲ್ಲಿ ಇದನ್ನು ಮಾಡಿ ತೋರಿಸಿದರು. 34 ವಾರದ ಬಸುರಿಯ ಹೊಟ್ಟೆಯ ಮೂಲಕ, ಅಲ್ಟ್ರಾಸೌಂಡ್ ತೋರಿಸಿದ ದಾರಿಯಲ್ಲಿ, ಸೂಜಿಯನ್ನು ಗರ್ಭಕೋಶಕ್ಕೂ ಅಲ್ಲಿಂದ ಮಗುವಿನ ತಲೆಯ ಹಿಂಬದಿಗೂ ತಲುಪಿಸಿ, ಹಿಗ್ಗಿದ ಅಭಿಧಮನಿಯೊಳಗೆ ಲೋಹದ ಸುರುಳಿಗಳನ್ನು ಇಳಿಸಿದರು. ಕೆಲವೇ ದಿನಗಳಲ್ಲಿ ಹುಟ್ಟಿದ ಆ ಹೆಣ್ಣುಮಗುವಿಗೆ ಹೃದಯಕ್ಕೆ ಆಸರೆಯಾಗುವ ಔಷಧ ಬೇಕಾಗಲಿಲ್ಲ. ಒಂದು ಮಗುವಿನಿಂದ ನಿಯಮ ಕಟ್ಟಲಾಗದು, ಅದಕ್ಕೇ ಅದು ಕ್ಲಿನಿಕಲ್ ಪ್ರಯೋಗದ ಭಾಗವಾಗಿಯೇ ನಡೆಯಿತು.

ಅಪಧಮನಿಯ ಉಬ್ಬುಗಳ ಕಡೆಗೆ ಮರಳೋಣ. 1990ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಗೀಡೋ ಗುಲ್ಯೆಲ್ಮಿ ಬಿಡಿಸಬಲ್ಲ ಪ್ಲಾಟಿನಂ ಸುರುಳಿಯನ್ನು ಮೊದಲ ಬಾರಿಗೆ ರೋಗಿಯ ಅನ್ಯೂರಿಸಂಗೆ ತುಂಬಿದರು. 2002ರಲ್ಲಿ 2,143 ರೋಗಿಗಳ ದೊಡ್ಡ ಪ್ರಯೋಗವೊಂದು ಒಡೆದ ಉಬ್ಬಿಗೆ ಬುರುಡೆ ತೆರೆದು ಕ್ಲಿಪ್ ಹಾಕುವುದಕ್ಕಿಂತ, ಎರಡೂ ಸಾಧ್ಯವಿದ್ದಲ್ಲಿ, ಸುರುಳಿ ತುಂಬುವುದೇ ಮೊದಲ ವರ್ಷದ ಮಟ್ಟಿಗೆ ಮೇಲು ಎಂದಿತು. ಆ ರೋಗಿಗಳೆಲ್ಲ ದೊಡ್ಡವರು. ಫಲಿತಾಂಶ ಮಾತ್ರ ಮಕ್ಕಳ ವಾರ್ಡಿಗೂ ನಡೆದುಬಂತು. ಇಲ್ಲಿ ಎರವಲು ಎಲ್ಲಿ ಕುಂಟುತ್ತದೆ ಎಂಬುದನ್ನು ಮತ್ತೆ ಲಾಸ್ಜೋನಿಯಾ ತಂಡವೇ ತೋರಿಸಿಕೊಟ್ಟಿತು. 2005ರಲ್ಲಿ ಅವರು ಹದಿನೈದು ವರ್ಷದೊಳಗಿನ 59 ಮಕ್ಕಳ 75 ಅನ್ಯೂರಿಸಂಗಳನ್ನು ವಿವರಿಸಿದಾಗ, ಅವುಗಳಲ್ಲಿ ಎದ್ದು ಕಂಡದ್ದು ದೊಡ್ಡವರ ಹಣ್ಣಿನಾಕಾರದ ಉಬ್ಬಲ್ಲ. ಗೋಡೆಯ ಪದರಗಳ ನಡುವೆ ರಕ್ತ ಸೀಳಿ ನುಗ್ಗಿ ಆದದ್ದು. ಅಂಥ ಕಡೆ ನಾಳವೇ ಸುತ್ತಲೂ ಊದಿಕೊಂಡಿರುವುದುಂಟು. ಆಗ ಕ್ಲಿಪ್ ಹಾಕಲು ಕತ್ತೇ ಇರುವುದಿಲ್ಲ, ಸುರುಳಿ ನಿಲ್ಲಲು ಬಾಯಿ ಇರುವುದಿಲ್ಲ. ಹಲವು ಸಲ ಆ ನಾಳವನ್ನೇ ಮುಚ್ಚಬೇಕಾಗುತ್ತದೆ. ಕೆಲವು ತಾವಾಗಿಯೇ ಹೆಪ್ಪುಗಟ್ಟಿ ಮುಚ್ಚಿಕೊಳ್ಳುತ್ತವೆ.

ಪೆಟ್ಟಿನಿಂದ ಆಗುವ ಉಬ್ಬು ಇನ್ನೊಂದು ಬಗೆ. ಬಿದ್ದ ಅಥವಾ ಅಪಘಾತಕ್ಕೆ ಸಿಕ್ಕ ಮಗು ಚೇತರಿಸಿಕೊಂಡು, ಎರಡು ಮೂರು ವಾರ ಕಳೆದ ಮೇಲೆ ಇದ್ದಕ್ಕಿದ್ದಂತೆ ರಕ್ತಸ್ರಾವವಾದರೆ ಇದನ್ನು ನೆನೆಯಬೇಕು. ನಂಜಿನಿಂದ ಆಗುವ ಉಬ್ಬು ಮಿದುಳಿನ ದೂರದ ಸಣ್ಣ ಕವಲುಗಳಲ್ಲಿ ಕೂರುತ್ತದೆ. ಪೆನಿಸಿಲಿನ್ ಬಂದ ಮೇಲೆ ಅದರ ಗತಿಯೇ ಬದಲಾಯಿತು. ನಾಲ್ಕರಿಂದ ಆರು ವಾರ ಆಂಟಿಬಯಾಟಿಕ್ ಕೊಟ್ಟು, ನಡುನಡುವೆ ಆಂಜಿಯೋಗ್ರಾಂ ಮಾಡಿ, ಕುಗ್ಗುತ್ತಿದೆಯೇ ಎಂದು ಕಾಯುವುದೂ ಒಂದು ಚಿಕಿತ್ಸೆಯಾಯಿತು.

ನಮ್ಮ ದೇಶದಲ್ಲಿ ಈ ಕೊನೆಯ ಬಗೆಯನ್ನು ಮರೆಯುವಂತಿಲ್ಲ. ಗಂಟಲು ನೋವಿನಿಂದ ಶುರುವಾಗಿ ಹೃದಯದ ಕವಾಟ ಕೆಡಿಸುವ ರುಮ್ಯಾಟಿಕ್ ಜ್ವರ ಇನ್ನೂ ನಮ್ಮ ಮಕ್ಕಳನ್ನು ಬಿಟ್ಟಿಲ್ಲ, ಕೆಟ್ಟ ಕವಾಟವೇ ನಂಜಿಗೆ ನೆಲೆ. 1969ರಲ್ಲಿ ಮದರಾಸಿನ ಬಿ. ರಾಮಮೂರ್ತಿ ಭಾರತದಲ್ಲಿ ಮಿದುಳಿನ ಅನ್ಯೂರಿಸಂ ಎಷ್ಟಿದೆ ಎಂಬ ಪ್ರಶ್ನೆ ಎತ್ತಿ ಬರೆದಾಗ ಅದು ನಮ್ಮಲ್ಲಿ ಕಡಿಮೆ ಎಂಬ ಭಾವನೆಯಿತ್ತು. ಬೆಂಗಳೂರಿನ ನಿಮ್ಹಾನ್ಸ್, ತಿರುವನಂತಪುರದ ಶ್ರೀಚಿತ್ರಾ, ದೆಹಲಿಯ ಏಮ್ಸ್‌ನಂಥ ಸಂಸ್ಥೆಗಳು ಬೆಳೆದು ಆಂಜಿಯೋಗ್ರಾಂ ಕೈಗೆಟುಕಿದಂತೆ ಪತ್ತೆಯಾಗುವ ಸಂಖ್ಯೆಯೂ ಏರಿತು. 2005ರಲ್ಲಿ ಲಕ್ನೋದ ಸಂಜಯ ಗಾಂಧಿ ಸಂಸ್ಥೆಯ ನರಶಸ್ತ್ರಜ್ಞರು 18 ವರ್ಷದೊಳಗಿನವರ ಅನ್ಯೂರಿಸಂಗಳು ದೊಡ್ಡವರದಕ್ಕಿಂತ ಬೇರೆಯೇ ಎಂಬ ಪ್ರಶ್ನೆಯನ್ನೇ ತಮ್ಮ ಪ್ರಬಂಧದ ಶೀರ್ಷಿಕೆಯಾಗಿಸಿದರು. ನಮ್ಮವರೂ ಅದೇ ಪ್ರಶ್ನೆಗೆ ಬಂದು ನಿಂತಿದ್ದರು.

ಕಾರಣದ ಹುಡುಕಾಟ ಈಗ ಜೀನುಗಳ ಮಟ್ಟಕ್ಕೆ ಇಳಿದಿದೆ. ಗೇಲನ್ ಅಭಿಧಮನಿಯ ದೋಷವಿರುವ ಮಕ್ಕಳಲ್ಲಿ ಇಪಿಎಚ್‌ಬಿ4 ಎಂದು ಕರೆಯುವ ಜೀನಿನ ತಪ್ಪುಗಳು ಸಿಕ್ಕಿವೆ. ಅಪಧಮನಿ ಯಾವುದು, ಅಭಿಧಮನಿ ಯಾವುದು ಎಂದು ಭ್ರೂಣದಲ್ಲಿ ತೀರ್ಮಾನವಾಗುವಾಗ ಕೆಲಸ ಮಾಡುವ ಜೀನ್ ಅದು. 2019ರಲ್ಲಿ ಇನ್ನೊಂದು ಶೋಧ ಬಂತು. ಉದ್ದಕ್ಕೂ ಊದಿಕೊಂಡ ಕೆಲವು ಅನ್ಯೂರಿಸಂಗಳ ಗೋಡೆಯಲ್ಲಿ ಪಿಡಿಜಿಎಫ್‌ಆರ್‌ಬಿ ಜೀನಿನ ತಪ್ಪು ಸಿಕ್ಕಿತು. ಅದು ತಂದೆತಾಯಿಯಿಂದ ಬಂದದ್ದಲ್ಲ, ದೇಹದ ಕೆಲವು ಕೋಶಗಳಲ್ಲಿ ಮಾತ್ರ, ಗರ್ಭಧಾರಣೆಯ ನಂತರ ಆದದ್ದು. ಹುಟ್ಟಿನ ದೋಷವೆಂದ ಫೋರ್ಬಸ್ ಪೂರ್ತಿ ತಪ್ಪಿರಲಿಲ್ಲ, ಆದರೆ ಅವರು ಹುಡುಕಿದ ಪದರದಲ್ಲಿ ಅದು ಇರಲಿಲ್ಲ ಎಂದು ಕೆಲವು ಮಕ್ಕಳ ಮಟ್ಟಿಗೆ ಹೇಳಬಹುದು. ಆ ಜೀನ್ ಕೆರಳಿಸುವ ಸಂಕೇತವನ್ನು ತಡೆಯುವ ಔಷಧಗಳು ಕ್ಯಾನ್ಸರ್ ಚಿಕಿತ್ಸೆಯಲ್ಲಿ ಆಗಲೇ ಬಳಕೆಯಲ್ಲಿವೆ. ಉಬ್ಬನ್ನು ಲೋಹದಿಂದ ಅಲ್ಲದೆ ಮಾತ್ರೆಯಿಂದ ತಡೆಯುವ ಆಸೆ ಮೊಳೆತದ್ದು ಅಲ್ಲಿಂದ.

ಮಗುವಿನ ಚಿಕಿತ್ಸೆಯನ್ನು ದೊಡ್ಡವರದಕ್ಕಿಂತ ಬೇರೆಯಾಗಿಸುವ ದೊಡ್ಡ ಸಂಗತಿ ಕಾಲ. ಅರವತ್ತರವರಿಗೆ ಹಾಕಿದ ಸುರುಳಿ ಇಪ್ಪತ್ತು ವರ್ಷ ನಿಂತರೆ ಸಾಕು, ಐದರ ಮಗುವಿಗೆ ಹಾಕಿದ್ದು ಎಪ್ಪತ್ತು ವರ್ಷ ನಿಲ್ಲಬೇಕು. ಇದನ್ನು ನಿಜವಾಗಿ ಅಳೆದದ್ದು ಫಿನ್ಲೆಂಡ್. ಹೆಲ್ಸಿಂಕಿಯ ವೈದ್ಯರು 1937ರಿಂದ 2009ರವರೆಗಿನ, 18 ವರ್ಷದೊಳಗಿನ 114 ರೋಗಿಗಳ ಕಡತಗಳನ್ನು ಹುಡುಕಿ ತೆಗೆದರು. ಮೊದಲ ಗಂಡಾಂತರ ದಾಟಿ ಬದುಕಿದವರಲ್ಲೂ ದಶಕಗಳ ನಂತರ ಸಾವಿನ ಪ್ರಮಾಣ ಉಳಿದ ಜನರಿಗಿಂತ ಹೆಚ್ಚೇ ಇತ್ತು. ಸರಾಸರಿ 34 ವರ್ಷ ಗಮನಿಸಿದ 59 ಮಂದಿಯಲ್ಲಿ ನೂರಕ್ಕೆ ನಲವತ್ತರಷ್ಟು ಜನರಲ್ಲಿ ಹಳೆಯ ಉಬ್ಬು ಮರುಕಳಿಸಿತ್ತು ಅಥವಾ ಹೊಸದು ಹುಟ್ಟಿತ್ತು. ಅಪಾಯ ಹೆಚ್ಚಿಸಿದ್ದೆಂದು ಲೆಕ್ಕದಲ್ಲಿ ಖಚಿತವಾಗಿ ನಿಂತದ್ದು ಒಂದೇ, ಧೂಮಪಾನ.

ಈಗ ಹೊಸ ಸಾಧನವೊಂದು ಅದೇ ಪ್ರಶ್ನೆಯ ಮುಂದೆ ನಿಂತಿದೆ. ನಾಳದೊಳಗೆ ಸಣ್ಣ ಜಾಲರಿಯ ಕೊಳವೆ ಇಟ್ಟು, ರಕ್ತವನ್ನು ಉಬ್ಬಿನ ಬಾಯಿಯಿಂದ ತಿರುಗಿಸಿ, ಉಬ್ಬು ತಾನಾಗಿ ಹೆಪ್ಪುಗಟ್ಟುವಂತೆ ಮಾಡುವ ಪೈಪ್‌ಲೈನ್ ಎಂಬ ಸಾಧನಕ್ಕೆ ಅಮೆರಿಕದಲ್ಲಿ 2011ರಲ್ಲಿ ಒಪ್ಪಿಗೆ ಸಿಕ್ಕಿತು, ಅದೂ ದೊಡ್ಡವರಿಗೆ. ಕತ್ತಿಲ್ಲದ ಉಬ್ಬುಗಳಿಗೆ ಅದು ಹೇಳಿ ಮಾಡಿಸಿದಂತಿದೆ, ಮಕ್ಕಳಲ್ಲಿ ಅಂಥವೇ ಹೆಚ್ಚು. ಹಾಗಾಗಿ ಆಯ್ದ ಮಕ್ಕಳಲ್ಲೂ ಬಳಸುತ್ತಿದ್ದಾರೆ. ಮಗುವಿನ ನಾಳ ಬೆಳೆಯುತ್ತದೆ, ಜಾಲರಿ ಬೆಳೆಯುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಎರಡು ಔಷಧಗಳನ್ನು ತಿಂಗಳುಗಟ್ಟಲೆ ಕೊಡಬೇಕು, ಆಡಿ ಬೀಳುವ ವಯಸ್ಸಿನ ಮಗುವಿಗೆ ಅದು ಸಣ್ಣ ಮಾತಲ್ಲ. ಮೊದಮೊದಲು ಇದನ್ನು ಪಡೆದ ಮಕ್ಕಳು ಈಗ ಹದಿಹರೆಯದಲ್ಲೋ ಇಪ್ಪತ್ತರ ಆಸುಪಾಸಿನಲ್ಲೋ ಇದ್ದಾರೆ, ಮಕ್ಕಳ ವಿಭಾಗದಿಂದ ದೊಡ್ಡವರ ವಿಭಾಗಕ್ಕೆ ದಾಟುವ ವಯಸ್ಸು. ಕಡತ ಕಳೆದುಹೋಗುವುದು ಸಾಮಾನ್ಯವಾಗಿ ಈ ದಾಟಿನಲ್ಲೇ. ಯಾವ ನಾಳದಲ್ಲಿ ಉಬ್ಬಿತ್ತು, ಒಳಗೆ ಇಟ್ಟದ್ದು ಕ್ಲಿಪ್ಪೋ ಸುರುಳಿಯೋ ಜಾಲರಿಯೋ, ಅದರೊಂದಿಗೆ ಎಂ.ಆರ್.ಐ. ಯಂತ್ರದೊಳಗೆ ಹೋಗಬಹುದೇ, ಕೊನೆಯ ಚಿತ್ರ ಯಾವಾಗ ತೆಗೆದದ್ದು, ಮುಂದಿನದು ಯಾವಾಗ, ಇಷ್ಟನ್ನು ಬರೆದ ಒಂದು ಹಾಳೆ ಆ ಹುಡುಗನ, ಆ ಹುಡುಗಿಯ ಕೈಯಲ್ಲೇ ಇರಬೇಕು, ಅದರ ಪ್ರತಿ ಮನೆಯಲ್ಲೂ ಇರಬೇಕು.